ತಮ್ಮನ ಅಮೂಲ್ಯ ಮತ

ಆ ಊರಿನಲ್ಲಿ ಚುನಾವಣೆ ಸಂಪೂರ್ಣ ಮುಕ್ತವಾಗಿ, ಶಾಂತಿಯುತವಾಗಿ ಹಾಗೂ ನ್ಯಾಯಸಮ್ಮತವಾಗಿ ನಡೆಯಿತು. ಇದನ್ನು ಗೆದ್ದವರು ಒಪ್ಪಿದರು, ಸೋತವರೂ ಒಪ್ಪಿದರು, ಚುನಾವಣೆ ನೋಡಲೆಂದೇ ವಿಮಾನ ಹತ್ತಿ ಬಂದಿದ್ದ ವಿದೇಶಿ ವೀಕ್ಷಕರು ಲಿಖಿತವಾಗಿಯೇ ಒಪ್ಪಿದರು. ಒಂದು ಮತವೂ ಕಳುವಾಗಲಿಲ್ಲ. ಮರುದಿನ ಒಬ್ಬ ಬಸ್ ಕಂಡಕ್ಟರ್ ಕಳುವಾದದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಎಣಿಕೆ ಮುಗಿದಿದ್ದರಿಂದ ಅವನು ಲೆಕ್ಕಕ್ಕೆ ಬರಲಿಲ್ಲ.

ಕಂಡಕ್ಟರನ ಅಕ್ಕ ಬಟ್ಟೆ ಹೊಲಿಯುವವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ಅವಳ ಹೊಲಿಗೆ ಮಿಷನ್ನು. ಎಲ್ಲ ಪಕ್ಷಗಳ ಬಾವುಟಗಳನ್ನೂ ಅವಳೇ ಹೊಲಿದಿದ್ದಳು. ಗೆದ್ದ ಸಾಹೇಬರ ಮೆರವಣಿಗೆ ನಿಲ್ದಾಣದ ಮುಂದೆ ನಿಂತಾಗ ಅವಳೂ ಬಾಗಿಲಿಗೆ ಬಂದು ನೋಡಿದಳು. ಸಾಹೇಬರು ತೆರೆದ ಜೀಪಿನಿಂದ ಬಗ್ಗಿ ಜನರತ್ತ ಮೈಕು ಚಾಚಿ, "ನಾನು ನಿಮ್ಮ ಸೇವಕ. ಯಾರು ಏನು ಬೇಕಾದರೂ ಕೇಳಬಹುದು" ಎಂದರು.

ಇದು ಸುಮ್ಮನೆ ಬಾಯಿಮಾತಿಗೆ ಅಂದದ್ದೆಂದು ನೆರೆದವರಿಗೆಲ್ಲ ಗೊತ್ತಿತ್ತು. ತಮ್ಮನಿಗೊಬ್ಬನಿಗೆ ಹೊಳೆಯಲಿಲ್ಲ. ಅವನು ಮೈಕು ಇಸಿದುಕೊಂಡು, ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೂಗಿ ಕೂಗಿ ಪಳಗಿದ ಗಂಟಲಿನಲ್ಲಿ, "ಸಾರ್, ನಮ್ಮ ಬೀದಿ ಆಸ್ಪತ್ರೆಗೆ ಡಾಕ್ಟರು ಯಾವಾಗ ಬರ್ತಾರೆ? ನಮ್ಮಮ್ಮನ ಕಣ್ಣು ತೋರಿಸ್ಬೇಕು" ಎಂದ.

"ಒಳ್ಳೇ ಪ್ರಶ್ನೆ" ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಲ್ಲುವುದರೊಳಗೆ ಇಬ್ಬರು ಪೇದೆಗಳು ಅವನ ತೋಳು ಹಿಡಿದು ಹಿಂದಿನ ಜೀಪಿಗೆ ಹತ್ತಿಸಿದರು. ಟಿಕೆಟ್ ಚೀಲ ಇನ್ನೂ ಅವನ ಹೆಗಲಲ್ಲೇ ಇತ್ತು.

ಅಕ್ಕ ಮಿಷನ್ನಿಗೆ ಬಟ್ಟೆ ಮುಚ್ಚಿ ಠಾಣೆಗೆ ಓಡಿದಳು. ಇನ್ಸ್‌ಪೆಕ್ಟರು ಅವಳಿಗೆ ಕುರ್ಚಿ ಹಾಕಿಸಿದರು.

"ಕೂತ್ಕೊಳ್ಳಿ ತಾಯಿ. ವೋಟು ಹಾಕಿದ್ರಾ?"

"ಹಾಕಿದೆ ಸಾರ್."

"ಎಲ್ಲಿ, ಬೆರಳು ತೋರಿಸಿ." ಅವಳು ತೋರಿಸಿದಳು. "ನೋಡಿ, ಶಾಯಿ ಎಷ್ಟು ಚೆನ್ನಾಗಿ ಹತ್ತಿದೆ. ಎಷ್ಟೋ ದೇಶದಲ್ಲಿ ಇಷ್ಟಕ್ಕೇ ಜನ ಪ್ರಾಣ ಬಿಡ್ತಾರೆ."

"ನನ್ನ ತಮ್ಮ ಏನು ತಪ್ಪು ಮಾಡಿದ ಸಾರ್?"

"ತಪ್ಪು ಅಂತ ಯಾರಂದ್ರು? ತಪ್ಪು ಮಾಡಿದ್ರೆ ಕೋರ್ಟಿಗೆ ಒಪ್ಪಿಸ್ಬೇಕಿತ್ತು. ಅವರು ಏನೂ ಮಾಡಿಲ್ಲ. ಅದಕ್ಕೇ ನಮ್ಮ ಹತ್ರಾನೇ ಇಟ್ಕೊಂಡಿದೀವಿ."

"ಒಂದು ಪ್ರಶ್ನೆ ಕೇಳಿದ, ಅಷ್ಟೇ ಅಲ್ವಾ?"

ಇನ್ಸ್‌ಪೆಕ್ಟರಿಗೆ ನಿಜವಾಗಿಯೂ ಬೇಸರವಾಯಿತು. "ಕೇಳೋದಕ್ಕೆ ಅಂತ ಒಂದು ದಿನ ಇಟ್ಟಿದ್ವಲ್ಲ ತಾಯಿ. ಬೆಳಗ್ಗೆಯಿಂದ ಸಂಜೆವರೆಗೂ ಬಾಗಿಲು ತೆಗೆದಿತ್ತು. ಯಾರೂ ನೋಡಬಾರದು ಅಂತ ಪರದೆ ಬೇರೆ ಕಟ್ಟಿಸಿದ್ವಿ. ಆಗ ಸುಮ್ಮನಿದ್ದು ಈಗ ಬೀದೀಲಿ ಕೂಗಿದ್ರೆ ಹೇಗೆ?"

ಅಲ್ಲಿಂದ ಅವಳು ನಾಗರಿಕ ಹಕ್ಕುಗಳ ಕಚೇರಿಗೆ ಹೋದಳು. ಬೀಗ ಹಾಕಿತ್ತು. ಬಾಗಿಲ ಮೇಲೆ ಒಂದು ಪ್ರಕಟಣೆ ಅಂಟಿಸಿದ್ದರು: "ಈ ಕಚೇರಿಯ ಸಿಬ್ಬಂದಿ ವರ್ಗದವರನ್ನು ಚುನಾವಣಾ ಕರ್ತವ್ಯಕ್ಕೆ ನಿಯೋಜಿಸಲಾಗಿರುವುದರಿಂದ, ಮುಂದಿನ ಆದೇಶದವರೆಗೆ ಸಾರ್ವಜನಿಕರು ತಂತಮ್ಮ ಹಕ್ಕುಗಳನ್ನು ತಂತಮ್ಮ ಮನೆಗಳಲ್ಲಿಯೇ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು."

ವಿದೇಶಿ ವೀಕ್ಷಕರು ಹೋಟೆಲಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು. ಅವರ ಮುಖ್ಯಸ್ಥರು ದುಭಾಷಿಯ ಮೂಲಕ ಅವಳ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, "ಮತಪೆಟ್ಟಿಗೆಯೊಳಗೆ ಏನಾದರೂ ಅನ್ಯಾಯವಾಯಿತೇ?" ಎಂದರು.

"ಪೆಟ್ಟಿಗೆಯೊಳಗೆ ಏನೂ ಆಗಿಲ್ಲ ಸ್ವಾಮಿ. ನನ್ನ ತಮ್ಮ ಹೊರಗಿದ್ದ."

ಮುಖ್ಯಸ್ಥರ ಮುಖ ಅರಳಿತು. ಪೆಟ್ಟಿಗೆಯೊಳಗೆ ಅನ್ಯಾಯವಾಗಿಲ್ಲವೆಂದು ನಾಗರಿಕರೇ ಸ್ವಇಚ್ಛೆಯಿಂದ ಬಂದು ತಿಳಿಸಿದರೆಂದು ವರದಿಗೆ ಒಂದು ಸಾಲು ಸೇರಿಸಿಕೊಂಡರು.

ಮನೆಯಲ್ಲಿ ಅಮ್ಮ ಗೋಡೆ ತಡವಿಕೊಂಡು ಬಾಗಿಲಿಗೆ ಬಂದು, "ಬಂದ್ನೇನೇ?" ಎನ್ನುವಳು. "ನಾಳೆ ಬರ್ತಾನಮ್ಮ" ಎಂದು ಅಕ್ಕ ಹೇಳುವಳು. ಹೀಗೆ ಹೇಳಿ ಹೇಳಿ ಅವಳ ಬಾಯಿ ಸೋತಿತು. ಪ್ರತಿ ವಾರ ಠಾಣೆಗೆ ಹೋಗಿ ಬರುತ್ತಿದ್ದಳು. ಒಂದು ಸಲವೂ ತಮ್ಮನ ಮುಖ ತೋರಿಸಲಿಲ್ಲ. ಕುರ್ಚಿಯನ್ನು ಮಾತ್ರ ಪ್ರತಿ ಸಲವೂ ಕೊಟ್ಟರು.

ಅಷ್ಟರಲ್ಲಿ ಸಾಹೇಬರು ರಾಜೀನಾಮೆ ಕೊಟ್ಟರು. ಅವರು ಎರಡು ಕ್ಷೇತ್ರಗಳಲ್ಲಿ ಗೆದ್ದಿದ್ದರು; ಒಬ್ಬರೇ ಎರಡು ಕುರ್ಚಿಯಲ್ಲಿ ಕೂರಲು ಕಾನೂನಿನಲ್ಲಿ ಅವಕಾಶವಿಲ್ಲದ್ದರಿಂದ ಇಲ್ಲಿಯದನ್ನು ಅಳಿಯನಿಗೆ ಬಿಟ್ಟರು. ಉಪಚುನಾವಣೆ ನಿಗದಿಯಾಯಿತು. ಇನ್ಸ್‌ಪೆಕ್ಟರು ತಾವೇ ಹೊಲಿಗೆ ಅಂಗಡಿಗೆ ಬಂದರು.

"ಸಂತೋಷದ ಸುದ್ದಿ ತಾಯಿ. ನಿಮ್ಮ ತಮ್ಮನವರನ್ನ ವೋಟಿಗೆ ಕರ್ಕೊಂಡು ಬರ್ತೀವಿ."

ಅಕ್ಕ ಕತ್ತರಿ ಕೆಳಗಿಟ್ಟಳು. "ಬಿಡ್ತೀರಾ ಸಾರ್?"

"ಬಿಡೋದಲ್ಲ, ವೋಟು ಹಾಕಿಸೋದು. ಮತದ ಹಕ್ಕು ಪವಿತ್ರವಾದದ್ದು. ಅದನ್ನ ಕಿತ್ಕೊಳ್ಳೋದಕ್ಕೆ ನಾವ್ಯಾರು?"

ಮತದಾನದ ದಿನ ಶಾಲೆಯ ಅಂಗಳಕ್ಕೆ ಜೀಪು ಬಂತು. ತಮ್ಮ ಇಳಿದ. ಅಂಗಿಯೊಳಗೆ ಅವನು ಎಲ್ಲಿದ್ದಾನೆಂದು ಹುಡುಕಬೇಕಾಗಿತ್ತು. ಪೇದೆ ಅವನನ್ನು ಸಾಲಿನಲ್ಲಿ ನಿಲ್ಲಿಸಿ ಅಕ್ಕನಿಗೆ ನಿಯಮ ವಿವರಿಸಿದ: ಸಾಲಿನಲ್ಲಿ ಇರುವವರೆಗೆ ಇವರು ಮತದಾರರು, ಯಾರು ಬೇಕಾದರೂ ಮಾತಾಡಿಸಬಹುದು, ಮತ ಹಾಕಿ ಆಚೆ ಬಂದ ಮೇಲೆ ಇವರು ನಮ್ಮವರು.

ಅಮ್ಮ ಎರಡು ಕೈಯಿಂದ ಮಗನ ಮುಖ ಸವರಿದಳು. ಬಾಯಿಯ ಹತ್ತಿರ ಬೆರಳು ನಿಂತಿತು. "ಹಲ್ಲೆಲ್ಲೋ?"

"ಬಿದ್ದೋಯ್ತಮ್ಮ."

"ತಾನಾಗೇ ಬಿತ್ತಾ?" ಎಂದಳು ಅಕ್ಕ.

ತಮ್ಮ ಪೇದೆಯ ಕಡೆ ನೋಡಿದ. "ಹಾಗಂತ ಇವರು ಬರ್ಕೊಂಡಿದಾರೆ ಅಕ್ಕ."

ಮುಂದಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು. ಬಾಗಿಲು ಹತ್ತಿರವಾಗುತ್ತಿತ್ತು. ಅಕ್ಕ ಹಿಂದೆ ತಿರುಗಿ, ಸಾಲಿನಲ್ಲಿ ನಿಂತಿದ್ದ ಬೀದಿಯ ಬಡಗಿಗೆ, "ಅಣ್ಣಾ, ನೀವು ಮುಂದೆ ಹೋಗಿ" ಎಂದಳು. ಬಡಗಿ ಅವಳ ಮುಖ ನೋಡಿದ, ಪೇದೆಯ ಮುಖ ನೋಡಿದ. ಆಮೇಲೆ ಒಳಗೆ ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಪರದೆಯ ಹಿಂದೆ ನಿಂತು ಯಾರಿಗೆ ಹಾಕುವುದೆಂದು ಆಳವಾಗಿ ಚಿಂತಿಸುತ್ತಿದ್ದಾನೆಂದು ತಿಳಿಯಿತು. ಅವನ ನಂತರ ಹೋದ ಹೂವಿನವಳು ತನ್ನ ಗಂಡನ ಹೆಸರನ್ನೇ ಮರೆತಳು. ಪಿಂಚಣಿಯ ಮೇಷ್ಟರು ಕನ್ನಡಕ ತರಲು ಮನೆಗೆ ಹೋಗಿ, ಬೇರೆಯವರದನ್ನು ತಂದು, ಮತ್ತೆ ಹೋದರು. ಬೀದಿಗೆ ಬೀದಿಯೇ ತಮ್ಮನನ್ನು ದಾಟಿ ಮುಂದೆ ಹೋಗಿ, ಬಾಗಿಲಲ್ಲಿ ಹೊತ್ತು ಕಳೆಯಿತು. ಅಮ್ಮ ಮಗನ ತೋಳು ಬಿಡದೆ ಊರ ಸುದ್ದಿಯನ್ನೆಲ್ಲ ಹೇಳಿದಳು. ಹೇಳುವುದು ಮುಗಿದ ಮೇಲೆ ಮೊದಲಿನಿಂದ ಶುರು ಮಾಡಿದಳು.

ಬಾಗಿಲು ಮುಚ್ಚುವ ಹೊತ್ತಿಗೆ ತಮ್ಮ ಒಳಗೆ ಹೋದ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಆಚೆ ಬಂದ. ಫೋಟೋ ತೆಗೆದರು. ಜೀಪು ಹೊರಟಿತು.

ಸಂಜೆ ಟಿವಿಯಲ್ಲಿ, ಆ ಬೀದಿಯ ಮತದಾರರು ಕಿಂಚಿತ್ತೂ ಅವಸರವಿಲ್ಲದೆ ದಿನವಿಡೀ ಸಾಲಿನಲ್ಲಿ ನಿಂತದ್ದು ಪ್ರಜಾಪ್ರಭುತ್ವದ ಆಳವಾದ ಬೇರುಗಳಿಗೆ ಸಾಕ್ಷಿಯೆಂದು ಹೇಳಿದರು. ಅಳಿಯಂದಿರು ನ್ಯಾಯವಾಗಿ ಗೆದ್ದರು. ಹಕ್ಕುಗಳ ಕಚೇರಿಯ ಸಿಬ್ಬಂದಿಯನ್ನು ಮುಂದಿನ ಚುನಾವಣೆಯ ಸಿದ್ಧತೆಗೆಂದು ಅಲ್ಲೇ ಉಳಿಸಿಕೊಂಡರು.

ಮುಂದಿನ ವಾರ ಅಕ್ಕ ಠಾಣೆಗೆ ಹೋಗಿ, ಕೊಟ್ಟ ಕುರ್ಚಿಯಲ್ಲಿ ಕೂತು, ತಮ್ಮನ ವಿಚಾರವನ್ನೇ ಎತ್ತಲಿಲ್ಲ. "ಇನ್ನೊಂದು ಎಲೆಕ್ಷನ್ ಯಾವಾಗ ಸಾರ್?" ಎಂದಷ್ಟೇ ಕೇಳಿದಳು.

"ಇನ್ನೂ ವರ್ಷಗಳಿವೆಯಲ್ಲ ತಾಯಿ. ನಡುವೆ ಬೇಕು ಅಂದ್ರೆ ಅಳಿಯಂದಿರಿಗೆ ಏನಾದ್ರೂ ಆಗ್ಬೇಕು." ಇನ್ಸ್‌ಪೆಕ್ಟರು ಬಾಯಿಗೆ ಕೈ ಅಡ್ಡ ಹಿಡಿದರು. "ಆಗೋದು ಬೇಡ. ಚಿಕ್ಕ ವಯಸ್ಸು."

ಅಂದಿನಿಂದ ಆ ಬೀದಿಯವರು ಅಳಿಯಂದಿರ ಯೋಗಕ್ಷೇಮವನ್ನು ಬಹಳ ಹತ್ತಿರದಿಂದ ವಿಚಾರಿಸತೊಡಗಿದರು. ಅವರು ಏನು ತಿಂದರು, ನಿದ್ದೆ ಬಂತೇ, ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೇ ಎಂಬುದೆಲ್ಲ ಅಂಗಡಿ ಅಂಗಡಿಯಲ್ಲಿ ಚರ್ಚೆಯಾಗುತ್ತಿತ್ತು. ಜನಪ್ರತಿನಿಧಿಯ ಆರೋಗ್ಯದ ಬಗ್ಗೆ ಇಷ್ಟು ಕಾಳಜಿಯುಳ್ಳ ಪ್ರಜೆಗಳು ಬೇರೆಲ್ಲೂ ಇಲ್ಲವೆಂದು ಪತ್ರಿಕೆಯೊಂದು ಬರೆಯಿತು.

ಒಂದು ಮಧ್ಯಾಹ್ನ ಹೂವಿನವಳು ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ, "ನಿನ್ನೆ ಭಾಷಣದಲ್ಲಿ ಅಳಿಯಂದಿರು ಕೆಮ್ಮಿದರಂತೆ" ಎಂದಳು.

ಅಕ್ಕ ಮಿಷನ್ ನಿಲ್ಲಿಸಿದಳು.

ಮೂಲೆಯಲ್ಲಿ ಕೂತಿದ್ದ ಅಮ್ಮ ದನಿ ಬಂದ ಕಡೆ ಮುಖ ತಿರುಗಿಸಿ ಕೇಳಿದಳು: "ಒಣ ಕೆಮ್ಮೋ, ಕಫದ್ದೋ?"