ಚಿಕ್ಕಮ್ಮನ ಹೊಟ್ಟೆಯೊಳಗಿನ ಗುಂಡಿ

ನಮ್ಮ ಚಿಕ್ಕಮ್ಮನ ಪ್ರಶ್ನೆಗಳಿಗೆ ಹೆದರಿ ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನ ಬಸ್ ಡ್ರೈವರುಗಳು ನಮ್ಮ ಸ್ಟಾಪ್ ಬಂದೊಡನೆ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಆದರೆ ಇಂಗ್ಲಿಷ್ ಬಾರದ ಚಿಕ್ಕಮ್ಮ ಪಕ್ಕದ ಮನೆಯ ಮುದುಕನನ್ನು "ನಿಮ್ಮ ನಾಯಿ ಯಾಕೆ ಯಾವಾಗ್ಲೂ ಬೇಜಾರಲ್ಲಿರುತ್ತೆ?" ಎಂದು ನನ್ನಿಂದ ಕೇಳಿಸಿದ್ದಂತೂ ನಿಜ.

ಹೋದ ವರ್ಷ ಪಾರ್ಶ್ವವಾಯು ಬಡಿದು ಅವರಿಗೆ ನುಂಗುವ ಶಕ್ತಿ ಹೋಯಿತು. ಮಾತು? ಅದೆಲ್ಲಿ ಹೋಗುತ್ತದೆ! ಹೊಟ್ಟೆಗೆ ಸಣ್ಣ ತೂತು ಮಾಡಿ ನಳಿಕೆ ಕೂರಿಸಿದರು. ಹಾಲಿನಂಥ ದ್ರವವೇ ಇನ್ನು ಊಟ. ಅದನ್ನು ಕೊಡುವುದು ಹೇಗೆಂದು ತೋರಿಸಲು ನರ್ಸ್ ಬಂದಳು.

"ಇದ್ರಲ್ಲಿ ಕಾಫಿ ಹಾಕಿದ್ರೂ ನಿದ್ದೆ ಕೆಡುತ್ತಾ, ಕೇಳೇ" ಎಂದರು ಚಿಕ್ಕಮ್ಮ.

ಕೆಡುತ್ತದೆ ಎಂದಳು ನರ್ಸ್.

"ನೋಡ್ದ್ಯಾ! ಹಾಗಾದ್ರೆ ಬಾಯಿ ಇರೋದೇ ಮಾತಾಡೋಕೆ!"

ವಾರಕ್ಕೊಮ್ಮೆ ನಳಿಕೆಯನ್ನು ಸಡಿಲಿಸಿ, ಸ್ವಲ್ಪ ಒಳಗೆ ತಳ್ಳಿ ತಿರುಗಿಸಬೇಕು ಎಂದೂ ಅವಳು ಹೇಳಿಹೋಗಿದ್ದಳು. ಚಿಕ್ಕಮ್ಮನಿಗೋ ಅದು ಜಾರಿಬಿದ್ದರೆ ಎಂಬ ಭಯ; ತಾವೇ ಮಾಡಿಕೊಳ್ಳುತ್ತೇನೆಂದು ನನಗೆ ಮುಟ್ಟಗೊಡಲಿಲ್ಲ. ನನಗೆ ಗೊತ್ತಾಗದಂತೆ ದಿನಾ ಎಳೆದೆಳೆದು ಬಿಗಿಮಾಡುತ್ತಿದ್ದರು. ಒಂದು ಬೆಳಿಗ್ಗೆ ಊಟ ಒಳಗಿಳಿಯಲೇ ಇಲ್ಲ. ತೂತಿನ ಸುತ್ತ ವಿಪರೀತ ನೋವು. ಆಸ್ಪತ್ರೆಗೆ ಓಡಿದೆವು.

ಅಲ್ಲಿದ್ದ ಡಾಕ್ಟರು ಚಿತ್ರದುರ್ಗದ ಕಡೆಯವರು. "ಅಮ್ಮಾ, ನಳಿಕೆ ಆಚೆ ಬರ್ದಂಗೆ ಒಳಗಡೆ ಅಂಗಿ ಗುಂಡಿ ಥರ ಒಂದು ಗುಂಡಿ ಐತೆ. ನೀವು ಎಳೆದೂ ಎಳೆದೂ ಅದು ಹೊಟ್ಟೆ ಗೋಡೇಲಿ ಹೂತ್ಕೊಂಡೈತೆ. ಮೇಲೆ ಮಾಂಸ ಬೆಳೆದೈತೆ."

"ನನ್ನ ಹೊಟ್ಟೆ, ನಂಗೇ ಹೇಳ್ದೆ ಮುಚ್ಚಿಟ್ಕೊಂಡುಬಿಡ್ತಾ?"

ಡಾಕ್ಟರು ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಗುಂಡಿಯನ್ನು ಬಿಡಿಸಲು ನೋಡುತ್ತಾರೆ. ಆಗದಿದ್ದರೆ ಹೊಟ್ಟೆ ಕೊಯ್ಯಬೇಕು. ಚಿಕ್ಕಮ್ಮನ ಹೃದಯ ಅದನ್ನು ತಡೆಯುವುದು ಕಷ್ಟ. ಚಿಕ್ಕಮ್ಮನ ಚಿಂತೆಯೇ ಬೇರೆ: "ಹೊಟ್ಟೆ ಒಳಗಡೆ ತೋರ್ಸೋ ಟೀವಿ ನನ್ನ ಕಡೆ ತಿರುಗಿಸ್ತೀರಾ?"

ಹೊರಗೆ ಕೂತು ಉಗುರೆಲ್ಲ ಕಚ್ಚಿದೆ. ಕೊನೆಗೆ ಡಾಕ್ಟರು ಬಂದರು. "ಬೆಳೆದಿದ್ದ ಮಾಂಸ ಕತ್ತರಿಸಿದ್ವಿ, ಗುಂಡಿ ಬಿಟ್ಕೊಂಡು ಬಂತು. ಹೊಸ ನಳಿಕೆ ಹಾಕಿದೀವಿ. ನಿಮ್ಮ ಚಿಕ್ಕಮ್ಮ ಅರ್ಧ ಮಂಪರಲ್ಲೂ ಟೀವಿಯಿಂದ ಕಣ್ಣು ಕೀಳ್ಲಿಲ್ಲ. ಬಾಯಲ್ಲಿ ಕೊಳವೆ ಇತ್ತಲ್ಲ, ಬೆರಳಲ್ಲೇ ಪ್ರಶ್ನೆ ಕೇಳಿದ್ರು!"

ವಾರ್ಡಿನಲ್ಲಿ ಚಿಕ್ಕಮ್ಮನ ಗಂಟಲು ಗೊಗ್ಗರಾಗಿತ್ತು. "ಒಳಗೆಲ್ಲ ಗುಲಾಬಿ ಬಣ್ಣ ಕಣೇ! ಇಷ್ಟು ಚೆನ್ನಾಗಿದೀನಿ ಅಂತ ಗೊತ್ತೇ ಇರ್ಲಿಲ್ಲ!"

ಆಮೇಲೆ ಮೆಲ್ಲಗೆ, "ನೀನ್ಯಾಕೆ ದಿನಾ ಡಬ್ಬಿ ತಗೊಂಡ್ಹೋಗಿ ಕಾರಲ್ಲಿ ಕೂತು ಊಟ ಮಾಡ್ತೀಯ?"

ಅವರಿಗೆ ನುಂಗಲಾಗದ ದಿನದಿಂದ ಅವರ ಕಣ್ಣೆದುರು ನಾನು ಒಂದು ತುತ್ತೂ ತಿಂದಿರಲಿಲ್ಲ.

"ಕಿಟಕಿಯಿಂದ ನಿನ್ನ ತಲೆ ಮಾತ್ರ ಕಾಣ್ಸುತ್ತೆ. ಎದುರಿಗೆ ಕೂತು ತಿನ್ನು ಮಗಾ. ನೀನು ಉಣ್ಣೋದನ್ನ ನೋಡ್ಬೇಕು ನಂಗೆ."

ಮನೆಗೆ ಬಂದ ದಿನ ಅವರೆದುರು ತಟ್ಟೆ ಇಟ್ಟುಕೊಂಡು ಕೂತೆ. ಮೊದಲ ತುತ್ತು ಬಾಯಿಗಿಟ್ಟೆ. ಚಿಕ್ಕಮ್ಮ ಸೌಟು ಹಿಡಿದು, ಅನ್ನದ ಮೇಲೆ ಇನ್ನಷ್ಟು ಸಾರು ಬಡಿಸಿದರು.