ಒಂದೇ ಒಂದು ಗೆರೆ ಮೇಲಕ್ಕೆ

ಇವತ್ತು ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಎದ್ದು ಗಂಡನ ಡಬ್ಬಿಗೂ ನನ್ನ ಡಬ್ಬಿಗೂ ಚಿತ್ರಾನ್ನ ಕಲಸಿದೆ. ಮಗಳ ನೀರಿನ ಬಾಟಲಿ ತುಂಬಿಸಿದೆ. ಸುಡುವ ಕಸ ಯಾವುದು, ಸುಡದ ಕಸ ಯಾವುದು ಎಂದು ಬೇರ್ಪಡಿಸಿ, ಕಾಗೆ ಎಳೆದಾಡದ ಹಾಗೆ ಬೀದಿ ಮೂಲೆಯ ಬಲೆಯ ಕೆಳಗಿಟ್ಟು ಬಂದೆ. ಬಾಲ್ಕನಿಯಲ್ಲಿ ಇನ್ನೂ ಒಣಗದ ಕಾಲುಚೀಲಗಳನ್ನು ಒಣಗಿವೆಯೆಂದು ತೀರ್ಮಾನಿಸಿ ಮಡಚಿದೆ. ಕಾರ್ಖಾನೆಗೆ ಹೋಗಿ ಎರಡು ವಿದ್ಯುತ್ ಪ್ಯಾನೆಲ್‌ಗಳ ಧೂಳು ತೆಗೆದು, ತಂತಿ ಕೂರುವ ಸ್ಕ್ರೂಗಳನ್ನು ಬಿಗಿ ಮಾಡಿ, ಬ್ರೇಕರುಗಳ ಪರೀಕ್ಷಾ ಗುಂಡಿ ಒತ್ತಿ ಬೀಳಿಸಿ, ಮತ್ತೆ ಎತ್ತಿ ಕೂರಿಸಿದೆ. ಮಧ್ಯಾಹ್ನ ಇಡೀ ಪಾಳಿಯವರ ಮುಂದೆ ನಿಂತು ಒಂದು ಮಾತು ಹೇಳಿದೆ. ಬರುವಾಗ ಬೀದಿಯ ಕೊಂಬಿನಿ ಅಂಗಡಿಯಿಂದ ಹಾಲು ತಂದೆ. ಸಾಮಾನ್ಯವಾಗಿ ಇವುಗಳಲ್ಲೆಲ್ಲ ಕಷ್ಟದ್ದು ಕಸದ ಕೆಲಸವೇ. ಬ್ರೇಕರ್ ತಪ್ಪಾಗಿ ಕೂತರೆ ಟಕ್ ಎಂದು ಅದೊಂದೇ ಹೇಳುತ್ತದೆ, ಕಸ ತಪ್ಪಾಗಿ ಕೂತರೆ ಇಡೀ ಕಟ್ಟಡದವರು ಏನೂ ಹೇಳದೆ ಹೇಳುತ್ತಾರೆ. ಆದರೆ ಇವತ್ತು ಮಾತ್ರ ಆ ಮಧ್ಯಾಹ್ನದ ಮಾತಿನ ಮುಂದೆ ಕಸ ಏನೂ ಅಲ್ಲ ಅನ್ನಿಸಿತು.

ನಮ್ಮ ಕಾರ್ಖಾನೆ ಜಪಾನಿನ ನಗೋಯಾದ ಹೊರಗಿದೆ. ಕಾರಿನೊಳಗೆ ಎಲ್ಲೋ ಕೂತು, ಯಾರ ಕಣ್ಣಿಗೂ ಬೀಳದೆ ಆಯುಷ್ಯ ಕಳೆಯುವ ಸಣ್ಣ ಲೋಹದ ತುಂಡುಗಳನ್ನು ಅಲ್ಲಿ ಅಚ್ಚೊತ್ತಿ, ಎಣ್ಣೆಜಿಡ್ಡು ತೊಳೆದು, ಪೆಟ್ಟಿಗೆಗೆ ತುಂಬುತ್ತಾರೆ. ನಮ್ಮವರಿಗೆ ಇಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿದಾಗ ನಾನು ಪೀಣ್ಯದ ಕಾರ್ಖಾನೆಯ ಕೆಲಸ ಬಿಟ್ಟು ಬಂದೆ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಭಾಷೆ ಕಲಿತು, ಪರೀಕ್ಷೆ ಕಟ್ಟಿ, ಇಲ್ಲಿ ವಿದ್ಯುತ್ ದುರಸ್ತಿ ವಿಭಾಗಕ್ಕೆ ಸೇರಿದೆ. ವಿಭಾಗವೆಂದರೆ ನಾನು ಮತ್ತು ನನ್ನ ಉಪಕರಣದ ಗಾಡಿ. ನಮ್ಮ ಕನ್ನಡದ ಬಳಗ ಸೇರಿದಾಗ ಹೊಸದಾಗಿ ಬಂದ ಹೆಣ್ಣುಮಕ್ಕಳು ಕೇಳುತ್ತಾರೆ, "ಗೀತಾ, ನೀವೂ ಐಟಿನಾ?" "ಇಲ್ಲಮ್ಮ, ನಾನು ಬ್ರೇಕರ್ ನೋಡ್ಕೋತೀನಿ." "ಅಂದ್ರೆ ಗೀಸರು, ಮಿಕ್ಸಿ ಒಟ್ಟಿಗೆ ಹಾಕಿದ್ರೆ ಟಪ್ ಅಂತ ಬೀಳುತ್ತಲ್ಲ, ಅದಾ?" "ಅದೇ. ಅದರ ದೊಡ್ಡಪ್ಪ." ಅಲ್ಲಿಗೆ ಮಾತು ಹುಣಸೆಹಣ್ಣು ಎಲ್ಲಿ ಸಿಗುತ್ತದೆ ಎನ್ನುವ ಕಡೆ ತಿರುಗುತ್ತದೆ.

ಈ ದೊಡ್ಡಪ್ಪನ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಬಣ್ಣ ಒಂದು ಬಿಟ್ಟರೆ ನೋಡಲು ಥೇಟ್ ಇಟ್ಟಿಗೆ. ಅದರೊಳಗೆ ಎರಡು ಲೋಹ ಅಂಟಿಸಿದ ಪಟ್ಟಿಯೊಂದಿರುತ್ತದೆ. ಕೇಬಲ್ ತಾಳುವುದಕ್ಕಿಂತ ಹೆಚ್ಚು ಕರೆಂಟು ಹರಿದರೆ ಪಟ್ಟಿ ಕಾದು, ಬಾಗಿ, ಕೊಂಡಿ ಬಿಡಿಸುತ್ತದೆ. ಟಕ್. ಯಂತ್ರ ನಿಲ್ಲುತ್ತದೆ, ಕೇಬಲ್ ಉಳಿಯುತ್ತದೆ. ಎಷ್ಟು ಕಾದರೆ ಬೀಳಬೇಕು ಎಂದು ಹೇಳಲು ಅದರ ಎದೆಯ ಮೇಲೆ ಒಂದು ಪುಟ್ಟ ಡಯಲ್ ಇದೆ, ಗೆರೆ ಗೆರೆಯಾಗಿ ತಿರುಗಿಸಬಹುದು. ಜಗತ್ತಿನಲ್ಲಿ ಬ್ರೇಕರ್ ಬಿದ್ದಲ್ಲೆಲ್ಲ ಮನುಷ್ಯನ ಕೈ ಮೊದಲು ಹೋಗುವುದು ಆ ಡಯಲ್‌ಗೆ. ಪೀಣ್ಯದಲ್ಲಿ ನಮ್ಮ ಸೂಪರ್‌ವೈಸರ್, "ಫುಲ್ ಇಟ್ಬಿಡಮ್ಮ, ತಲೆನೋವೇ ಬೇಡ" ಎನ್ನುತ್ತಿದ್ದರು. ಫುಲ್ ಇಟ್ಟ ಪ್ಯಾನೆಲೊಂದನ್ನು ಆಮೇಲೆ ತೆರೆದು ನೋಡಿದ್ದೇನೆ. ಕೇಬಲಿನ ಮೈಯೆಲ್ಲ ಸುಟ್ಟ ಹಪ್ಪಳದಂತೆ ಗುಳ್ಳೆ ಎದ್ದಿತ್ತು. ಬೆಂಕಿ ಹತ್ತದಿದ್ದದ್ದು ಯಾರ ಪುಣ್ಯವೋ. ಅಂದಿನಿಂದ ನನಗೆ ಸೀರೆ, ಸಂಬಳ, ಮಾವನ ಮನೆ ಎಲ್ಲದರಲ್ಲೂ ರಾಜಿ ಉಂಟು, ಡಯಲ್ ವಿಷಯದಲ್ಲಿ ಮಾತ್ರ ಇಲ್ಲ.

ಈ ಚಳಿಗಾಲ ತೊಳೆಯುವ ಲೈನಿನ ಬ್ರೇಕರ್ ದಿನವೂ ಮಧ್ಯಾಹ್ನದೊಳಗೆ ಬೀಳಲು ಶುರುವಾಯಿತು. ಬಿದ್ದರೆ ಬಿಸಿನೀರಿನ ತೊಟ್ಟಿ ತಣ್ಣಗಾಗುತ್ತದೆ, ಜಿಡ್ಡು ಬಿಡುವುದಿಲ್ಲ, ಪೆಟ್ಟಿಗೆ ತುಂಬುವುದಿಲ್ಲ, ಲಾರಿ ಕಾಯುತ್ತದೆ. ಶುಕ್ರವಾರ ದೊಡ್ಡದೊಂದು ರವಾನೆ ಇತ್ತು. ಅದು ತಪ್ಪಿದರೆ ಗ್ರಾಹಕರ ಮುಂದೆ ಹೋಗಿ ಸೊಂಟ ಬಗ್ಗಿಸಿ ಕ್ಷಮೆ ಕೇಳಬೇಕಾದವರು ಉತ್ಪಾದನಾ ವಿಭಾಗದ ಮುಖ್ಯಸ್ಥ ತನಾಬೆ ಸಾನ್. ಸಾನ್ ಎಂದರೆ ಇಲ್ಲಿ ಹೆಸರಿಗೆ ಹಚ್ಚುವ ಮರ್ಯಾದೆ. ತನಾಬೆ ಸಾನ್ ಒಳ್ಳೆಯವರು. ಯಾರಿಗೂ ಆಗುವುದಿಲ್ಲ ಎನ್ನಲಾರರು, ಯಾರಿಗೂ ನೇರವಾಗಿ ಮಾಡಿ ಎನ್ನಲಾರರು. ಒಂದು ಸಂಜೆ ನನ್ನ ಗಾಡಿಯ ಪಕ್ಕ ಬಂದು ನಿಂತು, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರು. ಅವರು ಜಪಾನಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ.

"ಗೀತಾ ಸಾನ್, ಆ ಡಯಲ್... ಒಂದು ಗೆರೆ..."

"ಒಂದು ಗೆರೆ?"

"ಒಂದೇ ಒಂದು. ಮೇಲಕ್ಕೆ. ಹಾಗೆ ಯೋಚಿಸುವ ದಾರಿಯೂ ಇರಬಹುದೇನೋ ಎಂದು."

ನಾನು ಕೂಡ ಇಷ್ಟು ವರ್ಷದಲ್ಲಿ ಯಾರಿಗೂ ಇಲ್ಲ ಅಂದವಳಲ್ಲ. ನಮ್ಮಲ್ಲಿ "ನೋಡೋಣ" ಎಂಬ ಒಳ್ಳೆಯ ಮಾತಿದೆ, ಇಲ್ಲಿ "ಚೊತ್ತೋ", ಅಂದರೆ ಸ್ವಲ್ಪ, ಎಂದು ಅರ್ಧಕ್ಕೆ ನಿಲ್ಲಿಸುವ ಒಳ್ಳೆಯ ಅಭ್ಯಾಸವಿದೆ. ಹೀಗೆ ಇಲ್ಲ ಅನ್ನಲು ಬಾರದ ಇಬ್ಬರು ಬಹಳ ಹೊತ್ತು ಬ್ರೇಕರ್ ನೋಡುತ್ತಾ ನಿಂತೆವು. ಅಲ್ಲಿದ್ದ ಮೂವರಲ್ಲಿ ಆಗೋದಿಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಇದ್ದದ್ದು ಆ ಇಟ್ಟಿಗೆಗೆ ಮಾತ್ರ. ಕೊನೆಗೆ ನನ್ನ ಬಾಯಿಂದ ಹೊರಟಿತು. "ತನಾಬೆ ಸಾನ್, ಕಾರಣ ತಿಳಿಯದೆ ನಾನು ಅದನ್ನು ತಿರುಗಿಸುವುದಿಲ್ಲ. ಈ ಲೈನಿನ ಕೇಬಲ್ ಹಳೆಯದು. ಇನ್ನೊಂದು ಗೆರೆ ಏರಿಸಿದರೆ ಬೀಳಬೇಕಾದಾಗ ಇದು ಬೀಳುವುದಿಲ್ಲ. ಗುರುವಾರದೊಳಗೆ ಕಾರಣ ಹೇಳುತ್ತೇನೆ." ಅವರು ಬೆಚ್ಚಿದರು. ನಾನೂ ಬೆಚ್ಚಿದೆ. "ಗುರುವಾರವೂ ತಿಳಿಯದಿದ್ದರೆ?" ಎಂದರು. ಹೇಗೂ ಬಾಯಿ ತೆರೆದಾಗಿತ್ತು. "ತಿಳಿಯದಿದ್ದರೆ ಬೇರೆ ಯಾರನ್ನಾದರೂ ಕರೆಸಿ ತಿರುಗಿಸಿ, ನಾನು ಅಡ್ಡ ಬರುವುದಿಲ್ಲ" ಎಂದೆ.

ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ. ಮುಖ್ಯ ಸ್ವಿಚ್ ಆರಿಸಿ, ಅದಕ್ಕೆ ನನ್ನ ಬೀಗ ಜಡಿದು, ಕರೆಂಟಿಲ್ಲವೆಂದು ಪರೀಕ್ಷಿಸಿ, ಪ್ಯಾನೆಲಿನೊಳಗೆ ತಲೆ ಹಾಕಿದೆ. ಸಡಿಲ ಸ್ಕ್ರೂ ಇದ್ದರೆ ಅಲ್ಲಿ ಬಿಸಿಯಾಗುತ್ತದೆ. ಒಂದೂ ಸಡಿಲ ಇರಲಿಲ್ಲ. ಕೇಬಲಿನ ಹೊದಿಕೆ ಪರೀಕ್ಷಿಸಿದೆ, ಒಳ್ಳೆಯದಿತ್ತು. ಹೀಟರುಗಳು ಎಳೆಯುವ ಕರೆಂಟು ಅಳೆದೆ, ಹೋದ ವರ್ಷದಷ್ಟೇ. ಪಂಪಿನ ಬೇರಿಂಗಿಗೆ ಕಿವಿಯಿಟ್ಟು ಕೇಳಿದೆ, ಮಗುವಿನಂತೆ ಮಲಗಿತ್ತು. ಬ್ರೇಕರಿಗೇ ವಯಸ್ಸಾಗಿರಬೇಕೆಂದು ಹಳೆಯದನ್ನು ಬಿಚ್ಚಿ, ಅದೇ ಅಳತೆಯ ಹೊಸದನ್ನು ಕೂರಿಸಿ, ಡಯಲನ್ನು ಹಳೆಯ ಗೆರೆಗೇ ಹೊಂದಿಸಿದೆ. ಹೊಸದು ಬಹಳ ಉತ್ಸಾಹದಿಂದ ಹಳೆಯದಕ್ಕಿಂತ ಸ್ವಲ್ಪ ಮೊದಲೇ ಬಿತ್ತು.

ಮನೆಯಲ್ಲಿ ನನ್ನ ಮುಖ ನೋಡಿ ಗಂಡ ಕೇಳಿದರು, "ಇನ್ನೂ ಬೀಳ್ತಿದ್ಯಾ?"

"ಬೀಳ್ತಿದೆ."

"ಒಂದು ಗೆರೆ ತಾನೆ, ಏರಿಸಿಬಿಡೇ. ನಾವು ಸರ್ವರ್‌ನಲ್ಲಿ ಅಲರ್ಟ್ ಬಂದ್ರೆ ಲಿಮಿಟ್ ಏರಿಸಿ ಊಟಕ್ಕೆ ಹೋಗ್ತೀವಿ."

"ನಿಮ್ಮ ಸರ್ವರ್ ಸುಟ್ರೆ ಹೊಗೆ ಬರಲ್ಲ ಕಣ್ರಿ."

"ಬರುತ್ತೆ, ನಮ್ಮ ಮ್ಯಾನೇಜರ್ ಕಿವೀಲಿ" ಎಂದು ಅವರು ಎದ್ದು ಹೋದರು. ಮಗಳು ಅನಘಾ ಪುಸ್ತಕದಿಂದ ತಲೆ ಎತ್ತದೆ, "ಅಮ್ಮ, ವಾಟ್ ಚೇಂಜ್ಡ್? ನಮ್ ಸೈನ್ಸ್ ಸೆನ್ಸೇ ಫಸ್ಟ್ ಅದೇ ಕೇಳ್ತಾರೆ" ಎಂದಳು. ಸೆನ್ಸೇ ಎಂದರೆ ಅವಳ ಮೇಷ್ಟ್ರು. ಏನೂ ಬದಲಾಗಿಲ್ಲ, ಎಲ್ಲವೂ ಇದ್ದ ಹಾಗೇ ಇದೆ, ಅದೇ ತೊಂದರೆ ಎಂದು ಅವಳಿಗೆ ಗದರಿ ಮಲಗಿಸಿದೆ.

ಬುಧವಾರ ಮಧ್ಯಾಹ್ನ ಬ್ರೇಕರ್ ಬಿದ್ದ ಕೂಡಲೇ ಪ್ಯಾನೆಲ್ ಬಾಗಿಲು ತೆರೆದು ಕೈ ಒಡ್ಡಿದೆ. ಒಳಗೆ ಮುಚ್ಚಿದ ಕುಕ್ಕರಿನ ಬಿಸಿ. ಸುತ್ತಲಿನ ಗಾಳಿಯೇ ಹೀಗೆ ಕಾದಿದ್ದರೆ ಪಟ್ಟಿ ಬೇಗ ಬಾಗುತ್ತದೆ, ಕರೆಂಟು ಹೆಚ್ಚಾಗಬೇಕೆಂದೇ ಇಲ್ಲ. ಆದರೆ ಬಿಸಿಗಾಳಿ ಹೊರದೂಡುವ ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ಆ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದೆ. ಗೋಡೆಯ ಆಚೆ, ಹಿಂದಿನ ಸಾಮಾನು ಕೋಣೆಗೆ. ಅಲ್ಲಿ ಜಾಲರಿಯ ಕಿಂಡಿಯೊಂದಿದೆ. ಕಿಂಡಿಯ ಮುಂದೆ ಏನಿದೆ ಎಂದು ಯೋಚಿಸುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಟಾರ್ಚು ತಾನಾಗಿ ಆರಿತೋ, ನಾನೇ ಆರಿಸಿದೆನೋ ನೆನಪಿಲ್ಲ.

ಈಗ ಇಡ್ಲಿಯ ವಿಷಯ ಹೇಳಲೇಬೇಕು. ನಗೋಯಾದ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಕಂಬಳಿ ಹೊದಿಸಿದೆ, ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿದೆ, ಕೆಲಸಕ್ಕೆ ಹೋಗುವ ಮುನ್ನ ಹೀಟರ್ ಹಚ್ಚಿಟ್ಟು ಹೋಗಿ ಗಂಡನಿಂದ ಬೈಸಿಕೊಂಡೆ. ಹಿಟ್ಟು ಮಾತ್ರ ಸುಣ್ಣದಂತೆ ಸುಮ್ಮನೆ ಮಲಗಿರುತ್ತಿತ್ತು. ಚಳಿಗಾಲದ ಮೊದಲಿಗೆ ಒಂದು ದಿನ ಸಾಮಾನು ಕೋಣೆಯಲ್ಲಿ ಬಲ್ಬು ತೆಗೆಯುತ್ತಿದ್ದಾಗ ಕಿಂಡಿಯಿಂದ ಕೆನ್ನೆಗೆ ಬೆಚ್ಚನೆಯ ಗಾಳಿ ತಾಗಿತು. ಸಾಕ್ಷಾತ್ ಮೈಸೂರಿನ ಅಡುಗೆಮನೆಯ ಹವೆ. ಇಷ್ಟು ಬಿಸಿ ಸುಮ್ಮನೆ ಪೋಲಾಗುತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು. ಪ್ಯಾನೆಲಿನ ಹತ್ತಿರ ನೀರಿನಂಥದ್ದನ್ನು ಇಡುವಷ್ಟು ಬುದ್ಧಿಗೇಡಿ ನಾನಲ್ಲ. ಗೋಡೆಯ ಈಚೆ, ಶೆಲ್ಫಿನ ಮೇಲೆ, ಕಿಂಡಿಗೆ ಬಾಯಿ ಕೊಟ್ಟ ಹಾಗೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಗಾಳಿ ಸೋರದಂತೆ ಸುತ್ತ ಹಳೆಯ ಟವೆಲು ತುರುಕಿ, ಒಳಗೆ ಸ್ಟೀಲ್ ಡಬ್ಬಿ ಕೂರಿಸಿದೆ. ಬೆಳಿಗ್ಗೆ ಇಟ್ಟರೆ ಸಂಜೆಗೆ ಹಿಟ್ಟು ಮುಚ್ಚಳ ಎತ್ತುತ್ತಿತ್ತು. ಡಬ್ಬಿ ಬಂದು ಹೋಗುತ್ತಿತ್ತು, ಪೆಟ್ಟಿಗೆ ಮಾತ್ರ ಅಲ್ಲೇ ಉಳಿಯಿತು. ಬಿಸಿಗಾಳಿಗೆ ಹೋಗಲು ದಾರಿಯಿಲ್ಲದೆ ಅದು ಪ್ಯಾನೆಲಿಗೇ ಹಿಂತಿರುಗಿತು. ಇಡೀ ಕಾರ್ಖಾನೆಯಲ್ಲಿ ಎಲ್ಲವನ್ನೂ ಅನುಮಾನಿಸಿದ ನಾನು ಆ ಕೋಣೆಗೆ ದಿನವೂ ಹೋಗಿ, ಕಾರಣವನ್ನು ಬಗ್ಗಿ ನೋಡಿ, ಚೆನ್ನಾಗಿ ಉಬ್ಬಿದೆಯೆಂದು ಸಂತೋಷಪಟ್ಟು ಬರುತ್ತಿದ್ದೆ.

ಪೆಟ್ಟಿಗೆ ಕಿತ್ತೆ. ಸ್ವಲ್ಪ ಹೊತ್ತಿಗೆ ಪ್ಯಾನೆಲ್ ತಣ್ಣಗಾಯಿತು, ಸಂಜೆಯವರೆಗೆ ಲೈನು ನಿಲ್ಲದೆ ಓಡಿತು. ಯಾರೂ ನೋಡಿರಲಿಲ್ಲ. ರಟ್ಟನ್ನು ಮಡಚಿ ಮರುಬಳಕೆಯ ಕಟ್ಟಿಗೆ ಸೇರಿಸಿದರೆ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಮುಗಿಯುವುದಿಲ್ಲವಲ್ಲ. ತಾನಾಗಿ ಬಂದದ್ದು ತಾನಾಗಿ ಹೋಯಿತು ಎಂದರೆ ತನಾಬೆ ಸಾನ್ ಒಪ್ಪುವವರಲ್ಲ. ಮತ್ತೆ ಬರಬಹುದು, ಯಾವುದಕ್ಕೂ ಒಂದು ಗೆರೆ ಏರಿಸಿಬಿಡೋಣ ಎನ್ನುತ್ತಾರೆ. ನಾನೇ ಮಾತು ಕೊಟ್ಟಿದ್ದೇನೆ. ಡಯಲ್ ಉಳಿಯಬೇಕಾದರೆ ಇಡ್ಲಿ ಹೊರಗೆ ಬರಬೇಕು.

ಇವತ್ತು, ಗುರುವಾರ ಮಧ್ಯಾಹ್ನ, ಎಲ್ಲರೂ ಬಿಳಿ ಹಲಗೆಯ ಮುಂದೆ ಸೇರಿದರು. ನಮ್ಮಲ್ಲಿ ಏನೇ ಕೆಟ್ಟರೂ ಐದು ಸಲ "ಯಾಕೆ" ಎಂದು ಕೇಳಿ ಬುಡ ಮುಟ್ಟುವ ಪದ್ಧತಿ. ಕೇಳುವವರು ತನಾಬೆ ಸಾನ್, ಕೈಯಲ್ಲಿ ನೀಲಿ ಪೆನ್ನು.

"ಬ್ರೇಕರ್ ಯಾಕೆ ಬಿತ್ತು?"

"ಪ್ಯಾನೆಲಿನೊಳಗೆ ಬಿಸಿ ಹೆಚ್ಚಿತ್ತು."

"ಯಾಕೆ?"

"ಬಿಸಿಗಾಳಿ ಹೊರಗೆ ಹೋಗಲಿಲ್ಲ."

"ಯಾಕೆ?"

"ಹಿಂದಿನ ಕಿಂಡಿಗೆ ಪೆಟ್ಟಿಗೆ ಅಡ್ಡ ಇತ್ತು. ನಾನು ಇಟ್ಟದ್ದು."

ನೀಲಿ ಪೆನ್ನು ನಿಂತಿತು. ಹಲ್ಲಿನ ಸಂದಿಯಿಂದ ಗಾಳಿ ಹೋದ ಸದ್ದು ನನಗೆ ಕೇಳಿಸಿತು. ಆದರೂ ಪದ್ಧತಿ ಪದ್ಧತಿಯೇ. "ಯಾಕೆ?" ಎಂದರು, ಮೆಲ್ಲಗೆ.

"ಅದರಲ್ಲಿ ಅಕ್ಕಿ ಮತ್ತು ಉದ್ದಿನ ಹಿಟ್ಟು ಉಬ್ಬಲು ಇಟ್ಟಿದ್ದೆ."

"ಹಿಟ್ಟನ್ನು ಇಲ್ಲಿ ಯಾಕೆ?"

"ಮನೆಯಲ್ಲಿ ಚಳಿ. ಹಿಟ್ಟು ಉಬ್ಬದಿದ್ದರೆ ಇಡ್ಲಿ ಗಟ್ಟಿಯಾಗುತ್ತದೆ. ಗಂಡ ತಿನ್ನುತ್ತಾರೆ, ಆದರೆ ಮಾತಾಡುವುದಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನನ್ನ ತಪ್ಪು. ಡಯಲ್ ಇದ್ದ ಗೆರೆ ಸರಿಯಾಗಿತ್ತು, ದಯವಿಟ್ಟು ಅದನ್ನು ಮುಟ್ಟಬೇಡಿ" ಎಂದು ಸೊಂಟ ಬಗ್ಗಿಸಿದೆ. ಬಗ್ಗಿದವಳಿಗೆ ನೆಲ ಮಾತ್ರ ಕಾಣುತ್ತಿತ್ತು. ಆಗ ನನ್ನ ಪಕ್ಕಕ್ಕೆ ಇನ್ನೊಂದು ಜೊತೆ ಬೂಟು ಬಂದು ನಿಂತಿತು. ಪ್ಯಾಕಿಂಗಿನ ಓಗಾವಾ ಸಾನ್, ನನ್ನ ಅಮ್ಮನ ವಯಸ್ಸಿನವರು. "ಸುಮಿಮಾಸೆನ್, ಕ್ಷಮಿಸಿ. ಆ ಪೆಟ್ಟಿಗೆಯಲ್ಲಿ ನಾನು ಬೆಳಿಗ್ಗೆ ಹೊತ್ತು ಕೈಗವಸು ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ. ಯಾರೋ ಪುಣ್ಯಾತ್ಮರು ಅದಕ್ಕೆಂದೇ ಇಟ್ಟಿದ್ದಾರೆ ಅಂದುಕೊಂಡಿದ್ದೆ" ಎಂದು ಅವರೂ ಬಗ್ಗಿದರು. ಬಾಗಿದ ಹಾಗೇ ನನ್ನ ಕಡೆ ತಿರುಗಿ, "ಮೊಸರಿನ ವಾಸನೆ ಬರುತ್ತಿತ್ತು" ಎಂದು ಪಿಸುಗುಟ್ಟಿದರು.

ತನಾಬೆ ಸಾನ್ ಹಲಗೆಯ ಕಡೆ ತಿರುಗಿದರು. ಆಮೇಲೆ ಮೂಲಕಾರಣ ಎಂಬಲ್ಲಿ ನನ್ನ ಹೆಸರು ಬರೆಯುವ ಬದಲು "ಚಳಿ" ಎಂದು ಬರೆದರು. ಪ್ಯಾನೆಲಿಗೆ ಹೋಗಿ ಡಯಲಿನ ಮೇಲೆ ತಾವೇ ಪಾರದರ್ಶಕ ಟೇಪು ಅಂಟಿಸಿ, "ಮುಟ್ಟಬಾರದು" ಎಂದು ಬರೆದರು. ಅಷ್ಟಕ್ಕೇ ಬಿಟ್ಟರೆ ಅದು ಜಪಾನು ಹೇಗಾಗುತ್ತದೆ? ಪರಿಹಾರವಿಲ್ಲದೆ ಸಭೆ ಮುಗಿಯುವ ಹಾಗಿಲ್ಲ. ಊಟದ ಕೋಣೆಯ ಬಿಸಿನೀರಿನ ಯಂತ್ರದ ಪಕ್ಕ ಬೆಚ್ಚಗಿನ ಜಾಗ ಅಳೆದು, ಹಳದಿ ಟೇಪಿನಲ್ಲಿ ಚೌಕ ಹಾಕಿಸಿ, "ಹಿಟ್ಟು" ಎಂದು ಚೀಟಿ ಅಂಟಿಸಿದರು. ಪಕ್ಕದ ಚೌಕ "ಕೈಗವಸು". ಎರಡಕ್ಕೂ ಕೆಳಗೆ ಹೊಣೆಗಾರರೆಂದು ನನ್ನ ಹೆಸರು. ಇನ್ನು ಮುಂದೆ ಬ್ರೇಕರುಗಳ ಜೊತೆಗೆ ಆ ಚೌಕಗಳನ್ನೂ ನಾನು ಪ್ರತಿವಾರ ತಪಾಸಣೆ ಮಾಡಬೇಕು. ಆಗುವುದಿಲ್ಲ ಎನ್ನಬಹುದಿತ್ತು. ಆದರೆ ವರ್ಷಕ್ಕೊಂದು ಸಲ ಸಾಕು ಅನ್ನಿಸಿತು.

ರಾತ್ರಿ ಊಟಕ್ಕೆ ನಿನ್ನೆ ಅರ್ಧಕ್ಕೇ ಹೊರಗೆ ಬಂದ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಕೊಚ್ಚಿಹಾಕಿ ದೋಸೆಯಂಥದ್ದೇನೋ ಮಾಡಿದೆ. ಮಗಳು ಅದಕ್ಕೆ ಸೋಯಾ ಸಾಸ್ ಹಾಕಿಕೊಂಡು, "ಒಕೊನೊಮಿಯಾಕಿ ತರ ಇದೆ, ನಾಟ್ ಬ್ಯಾಡ್" ಎಂದು ಎರಡು ತಿಂದಳು. ಒಕೊನೊಮಿಯಾಕಿ ಇಲ್ಲಿನವರ ದಪ್ಪ ರೊಟ್ಟಿ. ಗಂಡ ತಿಂದರು, ಮಾತಾಡಲಿಲ್ಲ. ಹಾಸಿಗೆಗೆ ಹೋದ ಮೇಲೆ ಡಯಲನ್ನು ನಾನು ಹೇಗೆ ಉಳಿಸಿದೆ ಎಂಬುದನ್ನು ಅವರಿಗೆ ಮೊದಲಿನಿಂದ ಹೇಳತೊಡಗಿದೆ. ಮೊದಲ ಸಲ ಪೂರ್ತಿ ಕೇಳಿದರು. ಎರಡನೇ ಸಲ ಹೇಳುವಾಗ ಮೂರನೇ ಯಾಕೆಗೆ ಬರುವಷ್ಟರಲ್ಲಿ ಕೊಂಡಿ ಬಿಟ್ಟ ಹಾಗೆ ನಿದ್ದೆಗೆ ಬಿದ್ದಿದ್ದರು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗಿದ್ದು ಅವರೇ. ಕಾರಣ ಹುಡುಕುವ ಅಗತ್ಯ ಬೀಳಲಿಲ್ಲ.