ಹಮಾಲ ಉಡಚಪ್ಪನ ಮದರಂಗಿ ವಿಜಯ

ಮಾಘಮಾಸದ ಬಿಸಿಲು ಮೆಣಸಿನಕಾಯಿಯ ಒಡಲಿಗಿಳಿದು, ಬೀಜಗಳು ಒಳಗೇ ಗಲಗಲ ಎನ್ನುವಂತೆ ಅದನ್ನು ಒಣಗಿಸುವ ಪುಣ್ಯಕಾಲದಲ್ಲಿ, ಹಾವೇರಿ ಸೀಮೆಯ ಕಡ್ಲಿಕೊಪ್ಪವೆಂಬ ಗ್ರಾಮದ ಸಾವಕಾರರ ಅಂಗಳದಲ್ಲಿ, ಹೆಂಗಸರು ತೊಟ್ಟು ಮುರಿಯುತ್ತ, ಮುದುಕರು ಚೀಲದ ಬಾಯಿ ಹೊಲಿಯುತ್ತ, ಹಮಾಲರು ಲಾರಿ ತುಂಬುತ್ತ, ಎಲ್ಲರೂ ಭೇದವಿಲ್ಲದೆ ಸೀನುತ್ತ ಇರಲಾಗಿ, ಎಲೈ ವಾಗ್ದೇವಿಯೇ, ಘಾಟಿಗೆ ಹೆದರದೆ, ಸೆರಗಿನಿಂದ ಮೂಗು ಮುಚ್ಚಿಕೊಂಡಾದರೂ ಸರಿ, ಒಂದರೆಗಳಿಗೆ ಇಲ್ಲಿ ನಿಲ್ಲು. ಗೋಣೀಭಾರಧುರಂಧರನೂ, ಫಲಕಾರೋಹಣಚತುರನೂ, ಇಪ್ಪತ್ತಾರು ಸುಗ್ಗಿಗಳಿಂದ ಹಮಾಲರ ಸಾಲಿಗೆ ಮೊದಲಿಗನೂ ಆದ ಉಡಚಪ್ಪನ ಕಥೆಯನ್ನು ನನ್ನ ಬಾಯಿಂದ ಆಡಿಸು.

ಈ ಮಹಾಪುರುಷನು ಹುಟ್ಟುವಾಗಲೇ ಹಳದಿ ಕೂದಲು ಹೊತ್ತು ಬಂದವನು. ಮೈ ಎಲ್ಲರಂತೆ ಎರೆಮಣ್ಣಿನ ಬಣ್ಣ. ತಲೆಯೂ ಮುಂದೆ ಬಂದ ಮೀಸೆಯೂ ಮಾತ್ರ ಒಣಗಿದ ಜೋಳದ ಸೊಪ್ಪೆಯಂತೆ. ಊರು ಒಂದು ವಾರ ಬೆರಗಾಗಿ, ಆಮೇಲೆ ಮರೆತಿತ್ತು. ನಲವತ್ತನಾಲ್ಕು ವರ್ಷ ಆ ಕನಕಕೇಶವು ಯಾರ ಕಣ್ಣಿಗೂ ಚುಚ್ಚಿರಲಿಲ್ಲ.

ಚುಚ್ಚಿದ್ದು ಹೊಸ ದಿವಾಣಜಿಯ ಕಣ್ಣಿಗೆ. ಸಾವಕಾರರ ಲೆಕ್ಕ ಬರೆಯಲು ಹುಬ್ಬಳ್ಳಿ ಕಡೆಯಿಂದ ಬಂದಿದ್ದ ಅಮರೇಶನೆಂಬ ಈ ಇಪ್ಪತ್ತನಾಲ್ಕರ ತರುಣನು, ನೆರಳಿನಲ್ಲಿ ಕುರ್ಚಿ ಹಾಕಿ ಕುಳಿತು, ಉರಿಬಿಸಿಲಿನಲ್ಲಿ ಮಿಂಚುತ್ತಿದ್ದ ಆ ತಲೆಯನ್ನು ದೂರದಿಂದ ಕಂಡು, ನರೆತದ್ದೆಂದು ಬಗೆದು, ಅಯ್ಯೋ ಪಾಪವೆಂದು ಕರಗಿದನು.

“ಅಜ್ಜಾರ! ಈ ವಯಸ್ಸಿನ್ಯಾಗ ನೀವ್ಯಾಕ ಚೀಲ ಹೊರಾಕ ಹತ್ತೀರಿ? ಬಿದ್ದು ಗಿದ್ದೀರಿ. ಅಮಾಸಿ ಆದ ಮರದಿನ ಹೊಸ ಯಾದಿ ಬರೀತೇನಿ, ನಿಮ್ಮ ಹೆಸರು ಹೊಲಿಯೋರ ಕಡೆ ಹಾಕ್ತೇನಿ. ಅಲ್ಲಿ ನೆಳ್ಳಾಗ ಕುಂದರ್ರಿ.”

ನೆರಳಿನಲ್ಲಿ ಕೆಂಪುಗಡ್ಡದ ಹುಸೇನಸಾಬನೂ, ಇನ್ನಿಬ್ಬರು ಹಲ್ಲಿಲ್ಲದ ವೃದ್ಧರೂ ದಬ್ಬಣ ಹಿಡಿದು ಕುಳಿತಿದ್ದರು. ಉಡಚಪ್ಪನಿಗೆ ಅದು ಮಸಣವಾಗಿ ಕಂಡಿತು. ಇದರ ಮೇಲೆ ಮಾಲತೇಶ ನಕ್ಕನು. ಈ ಮಾಲತೇಶನು ನಮ್ಮ ಕಥಾನಾಯಕನಿಗಿಂತ ಮೂರು ವರ್ಷ ಹಿರಿಯನಾದ ಹಮಾಲ. ಹದಿನೈದು ದಿನಕ್ಕೊಮ್ಮೆ ಪಾಕೀಟಿನ ಕಪ್ಪು ಬಳಿದುಕೊಂಡು, ಕೂದಲಿನೊಡನೆ ಕಿವಿಗಳನ್ನೂ ಯೌವನದಲ್ಲಿ ಕಾಪಾಡಿಕೊಂಡಿದ್ದವನು.

“ಹೋಗೋ ಅಜ್ಜಾ, ದಬ್ಬಣ ಹಿಡಿ. ನಿನ್ನ ಪಾಲಿನ ಚೀಲಾನೂ ನಾವ ಹೊರ್ತೇವಿ.”

‘ಹುಟ್ಟಿದಾಗಿಂದ ಹಿಂಗ ಐತ್ರಿ’ ಎಂಬ ಒಂದು ಮಾತಿನಿಂದ ಅಂದೇ ಮುಗಿಯಬಹುದಾಗಿದ್ದ ಕದನವಿದು. ಆದರೆ ವೀರರು ವಿವರಣೆ ಕೊಡುವುದಿಲ್ಲ; ಪ್ರತಿಜ್ಞೆ ಮಾಡುತ್ತಾರೆ. ಉಡಚಪ್ಪನು ಹೆಗಲ ಮೇಲಿನ ಚೀಲವನ್ನು ಧೊಪ್ಪನೆ ನೆಲಕ್ಕೊಗೆದು, ಎದ್ದ ಧೂಳಿಗೆ ಅಂಗಳವೆಲ್ಲ ಸೀನುತ್ತಿರಲು, ಮೇಘಗಂಭೀರಧ್ವನಿಯಿಂದ ಗರ್ಜಿಸಿದನು:

“ಕೇಳ್ರೆಪಾ ಎಲ್ಲಾರೂ! ಅಮಾಸಿ ಕಳದ ಮರದಿನ ಈ ತಲಿ ಹಿಂಗ ಇರೂದಿಲ್ಲ. ಅವತ್ತಿನ ಲಾರಿಗೆ ನಲವತ್ತು ಚೀಲ ನಾನೊಬ್ಬನ ಏರಸ್ತೇನಿ. ಏರಸಲಿಲ್ಲಂದ್ರ ಇದು ಮೀಸಿ ಅಲ್ಲ, ಕಣದಾಗಿನ ಕಸಾ!”

“ಈಗೂ ಹಂಗ ಕಾಣ್ತೈತಿ ಬಿಡು,” ಎಂದನು ಮಾಲತೇಶ.

ಮನೆಯಲ್ಲಿ ಮಂತ್ರಾಲೋಚನೆ ನಡೆಯಿತು. ನಾಯಕನ ಅರ್ಧಾಂಗಿ ಗುತ್ತೆವ್ವನು ಪಾಕೀಟಿನ ಕಪ್ಪನ್ನು ಮೊದಲ ಮಾತಿಗೇ ನಿರಾಕರಿಸಿದಳು. ಅದನ್ನು ಹಚ್ಚಿಕೊಂಡ ಆಕೆಯ ತಮ್ಮನ ಮೋರೆ ಕುಂಬಳಕಾಯಿಯಂತೆ ಊದಿ, ಸಾಕಿದ ನಾಯಿಯೇ ಅವನನ್ನು ಬೊಗಳಿತ್ತು. ಹಿತ್ತಲ ಬೇಲಿಯಲ್ಲಿ ಮದರಂಗಿ ಬೆಳೆದಿರುವಾಗ ಆ ವಿಷವೇಕೆ?

“ನನ್ನ ತಲಿ ನೋಡ್ರಿ. ವರ್ಸಾ ಮದರಂಗಿ ಹಚ್ಚತೇನಿ. ಕೆಂಪು ಐತೇನು? ನ್ಯಾರಳಿ ಹಣ್ಣಿನಂಗ ಕರ್ರಗ ಮಿಂಚತೈತಿ.”

ಕಾಡಿಗೆಗಪ್ಪಿನ ಕೂದಲು ಮದರಂಗಿಯ ನಂತರವೂ ಕಪ್ಪಾಗಿಯೇ ಉಳಿದದ್ದನ್ನು ಮದರಂಗಿಯ ಮಹಿಮೆಯೆಂದು ಎಣಿಸಿದ ಈ ತರ್ಕವನ್ನು ಪಂಡಿತರು ಗಮನಿಸಬೇಕು. ಉಡಚಪ್ಪನಿಗೂ ಒಂದು ಕ್ಷಣ ಅನುಮಾನ ಹುಟ್ಟಿತು.

“ಲೇ ಗುತ್ತಿ, ಹುಸೇನ ಕಾಕಾನ ಗಡ್ಡದಂಗ ಆದೀತೇನ?”

“ಅವರದು ಬಿಳಿಕೂದ್ಲ. ನಿಮ್ಮದೇನು ಬೆಳ್ಳಗೈತಿ?”

“ಇಲ್ಲ!” ಎಂದು ಅಬ್ಬರಿಸಿದನು ವೀರ. ಅಲ್ಲಿಗೆ ಅನುಮಾನದ ಬಾಯಿ ಮುಚ್ಚಿತು.

ಹಮಾಲರಿಗೆ ಬಿಡುವಾದ ಅಮಾವಾಸ್ಯೆಯ ಬೆಳಿಗ್ಗೆ ಗುತ್ತೆವ್ವನು ಎಲೆಗಳನ್ನು ಸವರಿ ತಂದು, ಒರಳಿನಲ್ಲಿ ನುಣ್ಣಗೆ ಅರೆದು, ಕಬ್ಬಿಣದ ಬಾಣಲೆಯಲ್ಲಿ ಕಡುಚಹಾದ ಕಷಾಯವನ್ನೂ ನಾಲ್ಕು ನಿಂಬೆಹಣ್ಣಿನ ರಸವನ್ನೂ ಕೂಡಿಸಿ, ಆ ದಿವ್ಯಾಸ್ತ್ರವನ್ನು ಪತಿಯ ತಲೆಗೂ ಮೀಸೆಗೂ ಮೆತ್ತಿದಳು. ಮೇಲೆ ಔಡಲ ಎಲೆಗಳ ಶಿರಸ್ತ್ರಾಣ. ಅದರ ಮೇಲೆ ಹಳೆಯ ಪಂಜೆಯ ಬಿಗಿ. ಊಟದ ಹೊತ್ತಿನವರೆಗೆ ಅವನು ಗೋಡೆಗೊರಗಿ ತಪಸ್ಸಿಗೆ ಕುಳಿತನು. ಕತ್ತಿನಲ್ಲಿ ಹಸಿರು ನೀರಿಳಿಯಿತು, ಮೂಗಿನ ಕೆಳಗೆ ಕಡಿಯಿತು, ನೊಣಗಳು ಸಭೆ ಸೇರಿದವು, ಆದರೂ ಅವನು ಅಲುಗಲಿಲ್ಲ.

ನಳದ ನೀರು ಆ ಊರಿಗೆ ಎಂಟು ದಿನಕ್ಕೊಮ್ಮೆ. ಮನೆಯಲ್ಲಿ ಉಳಿದಿದ್ದವು ಎರಡೇ ಕೊಡ. ಒಂದು ಅಡಿಗೆಗೆ, ಒಂದು ತಲೆಗೆ. ಒಂದು ಕೊಡದಲ್ಲಿ ಹೋದಷ್ಟೇ ಹೋಯಿತು. ಕೂದಲ ಬುಡದಲ್ಲಿ ಮದರಂಗಿಯ ಕೆಸರು ಹಾಗೆಯೇ ಉಳಿಯಿತು.

ಆಹಾ, ಏನೆಂದು ಬಣ್ಣಿಸಲಿ! ಮುತ್ತುಗದ ಕಾಡಿಗೆ ಬೆಂಕಿ ಹತ್ತಿದಂತೆ, ಕುಲುಮೆಯಿಂದ ಆಗತಾನೆ ತೆಗೆದ ಕುಡಗೋಲಿನಂತೆ, ಉಡಚಪ್ಪನ ಶಿರಸ್ಸು ಪ್ರಜ್ವಲಿಸಿತು. ಕನ್ನಡಿ ಹಿಡಿದಿದ್ದ ಗುತ್ತೆವ್ವ ಅದನ್ನು ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿ ನೋಡಿದಳು.

“ಬಿಸಲಾಗ ಹಂಗ ಕಾಣ್ತೈತಿ,” ಎಂದಳು ಕಡೆಗೆ. “ನೆಳ್ಳಾಗ ಕರ್ರಗ ಐತಿ.”

“ನಾ ಈಗ ಕುಂತಿದ್ದ ನೆಳ್ಳಾಗ!”

“ಹಂಗಾರ ಸ್ವಲ್ಪ ಒಣಗಲಿ. ಒಣಗಿದ ಮ್ಯಾಲ ನೋಡೂನಂತ.”

ಒಣಗಿದ ಮೇಲೆ ಇನ್ನಷ್ಟು ಉರಿಯಿತು.

ಮರುದಿನ, ಟವೆಲ್ ಸುತ್ತಲು ಮಾನ ಬಿಡದೆ, ಬರಿತಲೆಯಲ್ಲೇ ವೀರನು ಅಂಗಳವನ್ನು ಪ್ರವೇಶಿಸಿದನು. “ಯವ್ವಾ, ಮೆಣಸಿನಕಾಯಿ ರಾಶಿ ಎದ್ದು ನಡಕೊಂತ ಬಂತಲ್ಲ!” ಎಂದಳು ತೊಟ್ಟು ಮುರಿಯುವವಳೊಬ್ಬಳು. ದಿವಾಣಜಿ ಯಾದಿಯ ಹಾಳೆಯಿಂದ ತಲೆಯೆತ್ತಿ, ನಿಜವಾದ ಸಂತೋಷದಿಂದ ನಕ್ಕನು.

“ಮದರಂಗಿ ಹಚ್ಚಿಸ್ಕೊಂಡೀರೇನ್ರಿ ಅಜ್ಜಾರ? ಭಾಳ ಚಲೋ ಆತು. ನಮ್ಮ ಮುತ್ತ್ಯಾನೂ ತೊಂಬತ್ತು ವರ್ಸಿನತನಕ ಹಿಂಗ ಹಚ್ಚಿಸ್ಕೋತಿದ್ದ.”

ಆ ಸೀಮೆಯಲ್ಲಿ ಕೆಂಪುತಲೆಗೆ ಅರ್ಥ ಒಂದೇ: ಕೆಳಗೆ ಬಿಳಿಯಿದೆ. ನಿನ್ನೆಯವರೆಗೆ ದಿವಾಣಜಿಯೊಬ್ಬನಿಗಿದ್ದ ಭ್ರಮೆಗೆ ಇಂದು ಊರೇ ಸಾಕ್ಷಿ ನಿಂತಿತು. ಕೂಡಿ ಗೋಲಿಯಾಡಿದ್ದ ಹಮಾಲರು ಸಹ ಒಬ್ಬರ ಕಿವಿಯಲ್ಲೊಬ್ಬರು, “ಖರೇನ ಬೆಳ್ಳಗಾಗಿದ್ವೇನೊ, ನಾವ ನೋಡಿಲ್ಲ,” ಎಂದರು. ದಿವಾಣಜಿಯ ಪೆನ್ನು ಹೊಲಿಯುವವರ ಸಾಲಿನತ್ತ ಸರಿಯಿತು.

“ತಡೀರಿ!” ಎಂದು ಗುಡುಗಿದನು ಉಡಚಪ್ಪ. “ನಲವತ್ತು ಚೀಲ! ಎಣಸ್ರಿ!”

ಹೀಗೆಂದವನೇ ಮೊದಲನೆಯ ಚೀಲವನ್ನು ಬೆನ್ನಿಗೆಳೆದುಕೊಂಡು, ಲಾರಿಗೆ ಚಾಚಿದ್ದ ಹಲಗೆಯನ್ನು ಏರತೊಡಗಿದನು. ಹಲಗೆ ಬಾಗಿತು. ಬಿಸಿಲು ನೆತ್ತಿಗೆ ಹೊಡೆಯಿತು. ಬೆವರು ಕೂದಲ ಬುಡದಿಂದ ಹೊರಟು, ಅಲ್ಲಿ ತಂಗಿದ್ದ ಮದರಂಗಿಯನ್ನು ಜೊತೆಗೂಡಿಸಿಕೊಂಡು, ಹಣೆಯ ಮೇಲೆ, ಕೆನ್ನೆಯ ಮೇಲೆ, ಬಿಳಿ ಬನಿಯನ್ನಿನ ಮೇಲೆ ಕೆಂಪು ಧಾರೆಗಳಾಗಿ ಇಳಿಯಿತು.

“ತಲಿ ಒಡೀತು! ರಗತ!” ಎಂದು ಹೆಂಗಸರು ಚೀರಿದರು.

ಕುರ್ಚಿ ಮಗುಚಿತು. ದಿವಾಣಜಿ ಓಡಿದನು. ನಾಲ್ವರು ಹಮಾಲರು ನಡುಹಲಗೆಯಲ್ಲೇ ಚೀಲವನ್ನು ಕಸಿದು, “ಬಿಡ್ರೋ, ನನಗೇನಾಗಿಲ್ಲ” ಎಂದು ಒದರುತ್ತಿದ್ದ ವೀರನನ್ನು ಹೊತ್ತು ತಂದು ನೆರಳಿನಲ್ಲಿ, ಖಾಲಿ ಚೀಲಗಳ ಮೇಲೆ ಮಲಗಿಸಿದರು. ಮಾಲತೇಶ ಟವೆಲ್ಲಿನಿಂದ ಗಾಳಿ ಹಾಕುತ್ತ ಅತ್ತೇಬಿಟ್ಟನು. “ಅಜ್ಜಾ ಅಂದು ನಾನ ಇವನ್ನ ಸಾಯ್ಸಿದೆಪ್ಪೋ!”

ಹುಸೇನಸಾಬನು ದಬ್ಬಣವನ್ನು ಮೆಲ್ಲಗೆ ಕೆಳಗಿಟ್ಟು, ಹಣೆಯ ಧಾರೆಗೆ ಬೆರಳದ್ದಿ ಮೂಸಿದನು.

“ರಗತ ಅಲ್ಲ. ಮದರಂಗಿ. ಚಾ ಹಾಕ್ಯಾರ. ನಿಂಬಿಹಣ್ಣು ಒಂದು ಹೆಚ್ಚಾಗೈತಿ.” ಆಮೇಲೆ ದಿವಾಣಜಿಯತ್ತ ತಿರುಗಿ, “ಯಾಕ ಹಚ್ಚಿದ್ನೋ ಇವಗ ಗೊತ್ತು. ಇವ ಹುಟ್ಟಿದಾಗ ಇವರಪ್ಪ ನಮ್ಮನಿಗೆ ಸಕ್ರಿ ಕೊಡಾಕ ಬಂದಿದ್ನಿರಿ. ಕೂಸು ಹಳದಿ ತಲೀದು ಐತಿ ಅಂತ ಆವಾಗ ಹೇಳಿದ್ದ. ನಲವತ್ತನಾಕು ವರ್ಸಾತು.”

ದಿವಾಣಜಿ ಹಣೆ ಬಡಿದುಕೊಂಡನು. “ಇದನ್ನ ಅವತ್ತ ಹೇಳಿದ್ರ ಮುಗೀತಿತ್ತಲ್ರೀ!”

ಅವನು ಹಾಳೆ ತರಿಸಿ, ಹಮಾಲರ ಸಾಲಿನ ತಲೆಯ ಮೇಲೆ ಎಲ್ಲರೆದುರು ಉಡಚಪ್ಪನ ಹೆಸರು ಬರೆದನು. “ಏಳ್ರಿ ಅಣ್ಣಾರ. ನಲವತ್ತು ಚೀಲ ಅಂದಿದ್ರಿ. ಲಾರಿ ನಿಂತೈತಿ.”

ವಿಜಯಿಯಾದ ಉಡಚಪ್ಪನು ಎದ್ದು ಕುಳಿತನು. ಲಾರಿಯನ್ನು ನೋಡಿದನು, ಹಲಗೆಯನ್ನು ನೋಡಿದನು, ಅದರ ಮೇಲೆ ಕುದಿಯುತ್ತಿದ್ದ ಬಿಸಿಲನ್ನು ನೋಡಿದನು. ಇಪ್ಪತ್ತಾರು ವರ್ಷಗಳಲ್ಲಿ ಈ ಹೊತ್ತಿನಲ್ಲಿ ಅವನು ಈ ನೆರಳಿಗೆ ಬಂದವನೇ ಅಲ್ಲ. ಇಲ್ಲಿ ಗಾಳಿಯಿತ್ತು. ಕೈಗೆಟುಕುವಲ್ಲಿ ತಣ್ಣೀರಿನ ಮಣ್ಣಿನ ಗಡಿಗೆಯಿತ್ತು. ಮೊಣಕಾಲು ಮಡಚಿದರೆ ಚುಳ್ ಎನ್ನಲಿಲ್ಲ.

“ಏರಸ್ತೇನ್ರಿ,” ಎಂದನು ನಿಧಾನವಾಗಿ. “ಹುಸೇನ ಕಾಕಾ, ಆ ದಾರ ಇತ್ತಾಗ ಕೊಡ್ರಿ. ಒಂದೆರಡು ಬಾಯಿ ಹೊಲದು ಏಳ್ತೇನಿ.”

ಹೊತ್ತು ಇಳಿಯುವಾಗ ಲಾರಿ ತುಂಬಿ ಹೊರಟಿತು. ನಲವತ್ತು ಚೀಲಗಳನ್ನೂ ಬೈದುಕೊಳ್ಳುತ್ತ ಏರಿಸಿದ ಮಾಲತೇಶನು, ಬೆವರೊರೆಸಿಕೊಳ್ಳುತ್ತ ನೆರಳಿಗೆ ಬಂದು ಕೇಳಿದನು: “ನಲವತ್ತಕ್ಕ ನಲವತ್ತೂ ಬಾಕಿ ಅದಾವಲ್ಲೋ. ಯಾವಾಗ?”

“ನಾಳೆ,” ಎಂದನು ಗೋಣೀಭಾರಧುರಂಧರ, ಹೊಲಿಗೆಯಿಂದ ಕಣ್ಣೆತ್ತದೆ.